ಮಾವ ಕಂಡ ಬುಲ್‌ಫೈಟ್

ರಜೆಗೆ ಹೊರಟವರು ನನ್ನನ್ನು ಹಿಡಿದು ನಿಲ್ಲಿಸಿ ಕೇಳುವ ಪ್ರಶ್ನೆ ಒಂದಿದೆ. ಇಲ್ಲಿ ಕೆನಡಾದ ರಿಚ್ಮಂಡ್ ಹಿಲ್ ದೇವಸ್ಥಾನದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗಲೋ, ಯಾರದೋ ಬೇಸ್‌ಮೆಂಟಿನ ಹುಟ್ಟುಹಬ್ಬದಲ್ಲಿ ಪೇಪರ್ ಪ್ಲೇಟು ಹಿಡಿದು ಕೂರಲು ಜಾಗ ಹುಡುಕುತ್ತಿದ್ದಾಗಲೋ ಬಂದು ಕೇಳುತ್ತಾರೆ: "ನೀವು ಮೆಕ್ಸಿಕೋದಲ್ಲಿ ಬುಲ್‌ಫೈಟ್ ನೋಡಿದ್ರಂತೆ? ನಾವೂ ಹೋಗ್ತಾ ಇದೀವಿ. ನೋಡೋ ಹಾಗಿದೆಯಾ? ಮಕ್ಕಳನ್ನ ಕರ್ಕೊಂಡು ಹೋಗಬಹುದಾ?" ನಾನು "ಬೇಡ" ಎನ್ನುತ್ತೇನೆ. ಅಷ್ಟಕ್ಕೇ ಬಿಡುವವರು ಕಡಿಮೆ.

"ಅದು ಅವರ ಕಲ್ಚರ್ ಅಲ್ವಾ, ನಾವ್ಯಾರು ಹೇಳೋಕೆ?" ಎಂದು ಕೆಲವರು. ಎಷ್ಟೋ ದಶಕಗಳ ಹಿಂದೆಯೇ ಇಲ್ಲಿಗೆ ಬಂದು ನೆಲೆಸಿ ಈಗ ನಿವೃತ್ತರಾಗಿರುವ ಒಬ್ಬ ಡಾಕ್ಟರಂತೂ ನನ್ನನ್ನು ಸುಲಭವಾಗಿ ಬಿಡಲಿಲ್ಲ. "ಅಲ್ಲಮ್ಮ, ಆಫೀಸಲ್ಲಿ ಪಕ್ಕದಲ್ಲಿ ಕೂತು ಬರ್ಗರ್ ತಿನ್ನೋರ ಜೊತೆ ನಗ್ತಾ ಲಂಚ್ ಮಾಡ್ತೀಯ. ಆ ದನ ಎಲ್ಲಿ ಸತ್ತಿತು ಅಂತ ಕೇಳಿದೀಯಾ? ಇಲ್ಲಿ ಮರೆಯಲ್ಲಿ ಸಾಯುತ್ತೆ, ಅಲ್ಲಿ ಎದುರಿಗೆ ಸಾಯುತ್ತೆ, ಅಷ್ಟೇ ತಾನೆ?" ಎಂದರು. ನಾನು ಮೊಸರನ್ನ ಬಡಿಸಿಕೊಂಡು ಬಂದೆ. ನನ್ನ "ಬೇಡ" ವಾದದಿಂದ ಹುಟ್ಟಿದ್ದಲ್ಲ. ನನ್ನ ಮಾವನವರ ಮುಖ ನೋಡಿ ಹುಟ್ಟಿದ್ದು.

ಮಾವ ಹಾವೇರಿ ಕಡೆಯ ಹಳ್ಳಿಯವರು. ತೊಂಬತ್ತರ ದಶಕದ ಮೊದಲಲ್ಲಿ, ನಾವಿನ್ನೂ ರೆಕ್ಸ್‌ಡೇಲಿನ ಅಪಾರ್ಟ್‌ಮೆಂಟಿನಲ್ಲಿದ್ದಾಗ ನಮ್ಮ ಜೊತೆ ಇರಲು ಬಂದರು. ನಾನು ಮೈಸೂರಿನವಳು. ಅವರು ಆಡುವ ಕನ್ನಡ ಪೂರ್ತಿ ಅರ್ಥವಾಗಲು ನನಗೆ ಒಂದು ಚಳಿಗಾಲವೇ ಬೇಕಾಯಿತು. ನಾವು ಮಾತನಾಡುವುದನ್ನು ಕೇಳಿ ನನ್ನ ಗಂಡ, "ನಿಮ್ಮಿಬ್ಬರ ನಡುವ ಒಬ್ಬ ಇಂಟರ್ಪ್ರಿಟರ್ ಬೇಕು" ಎಂದು ಚುಡಾಯಿಸುತ್ತಿದ್ದರು. ಮಾವ ಯಾವುದಕ್ಕೂ ಗೊಣಗಿದವರಲ್ಲ. ಸಪ್ಪೆ ಸಾರಿಗೂ "ಚಲೋ ಆಗೇತವ್ವ" ಎನ್ನುತ್ತಿದ್ದರು. ಆದರೆ ತಮ್ಮದು ಎಂದು ಎದೆಯುಬ್ಬಿಸಿ ಹೇಳಿಕೊಳ್ಳಲು ಅವರಿಗಿದ್ದದ್ದು ಒಂದೇ: ಪ್ರಾಯದಲ್ಲಿ ತಾವು ಸಾಕಿದ್ದ ಹೋರಿ.

ಅವರ ಕಡೆ ದೀಪಾವಳಿಯ ಹೊತ್ತಿಗೆ ಹೋರಿ ಹಬ್ಬ. ವರ್ಷವೆಲ್ಲ ಹಿಂಡಿ, ಹುರುಳಿ ತಿನ್ನಿಸಿ ಬೆಳೆಸಿದ ಹೋರಿಗೆ ಬೆನ್ನ ಮೇಲೆ ಜೂಲ ಹೊದಿಸಿ, ಕೊಂಬಿಗೆ ಬಲೂನು, ಬಣ್ಣದ ಕಾಗದ ಕಟ್ಟಿ, ಕೊರಳಿಗೆ ಒಣಕೊಬ್ಬರಿಯ ಸರ ಹಾಕಿ, ಎರಡೂ ಕಡೆ ಜನ ತುಂಬಿದ ಓಣಿಯಲ್ಲಿ ಬಿಡುತ್ತಾರೆ. ಗಂಡಾಳುಗಳು ಮೇಲೆ ಬಿದ್ದು ಆ ಕೊಬ್ಬರಿ ಹರಿಯಬೇಕು. ಯಾರ ಕೈಗೂ ಸಿಗದೆ ಓಡಿ ಓಣಿ ದಾಟಿದರೆ ಹೋರಿ ಗೆದ್ದಂತೆ. ಮಾವನ ಹೋರಿಯ ಕೊಬ್ಬರಿಯನ್ನು ಯಾರೂ ಯಾವತ್ತೂ ಹರಿಯಲಿಲ್ಲವಂತೆ. "ಗತ್ತಿನಿಂದ ಓಡ್ತಿತ್ತು. ಮಂದೀನ ಹುಲ್ಲಿನಂಗ ಸೀಳ್ಕೊಂಡು ಹೋಕ್ಕಿತ್ತು" ಎನ್ನುವಾಗ ಅವರ ಕುತ್ತಿಗೆ ತಾನಾಗಿ ನೆಟ್ಟಗಾಗುತ್ತಿತ್ತು.

ಈ ಕತೆಗೆ ಸರಿಯಾದ ಗಿರಾಕಿ ನನ್ನ ಮಗಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಜ್ಜ ಮೊಮ್ಮಗಳ ನಡುವೆ ಬೇರೆ ಮಾತು ಹೆಚ್ಚು ಇರಲಿಲ್ಲ, ಇರುವುದಕ್ಕೆ ಭಾಷೆಯೂ ಸಾಲುತ್ತಿರಲಿಲ್ಲ. ಹೋರಿಯೊಂದಿತ್ತು. ಶಾಲೆಯಿಂದ ಬಂದವಳೇ ಬೂಟು, ಸ್ನೋ ಪ್ಯಾಂಟು ಬಾಗಿಲಲ್ಲೇ ಕಳಚಿ ಎಸೆದು ಅಜ್ಜನ ಪಕ್ಕ ಕೂರುತ್ತಿದ್ದಳು. ನಾವು ರಿಚ್ಮಂಡ್ ಹಿಲ್ ಮನೆಗೆ ಬಂದ ಮೇಲೆ, ಅವಳಿಗೆ ಒಂಬತ್ತೋ ಹತ್ತೋ ಆಗಿದ್ದಾಗ, ಮಾರ್ಚ್ ಬ್ರೇಕಿನ ವಾರದ ರಜೆ ಮುಗಿದ ಮೇಲೆ ತರಗತಿಯ ಎದುರು ನಿಂತು ಪ್ರತಿ ಮಗುವೂ ಭಾಷಣ ಮಾಡಬೇಕು ಎಂದಾಯಿತು. ಅವಳು ಆರಿಸಿಕೊಂಡ ವಿಷಯ ಅಜ್ಜನ ಹೋರಿ. ಮಾವನ ಖುಷಿ ಹೇಳತೀರದು. ಊರಿಂದ ಫೋನು ಬಂದಾಗಲೆಲ್ಲ, "ನನ್ನ ಹೋರಿ ಇಂಗ್ಲಿಷ್ ಕಲಿಯಾಕ ಹತ್ತೈತಿ" ಎಂದು ನಗುತ್ತಿದ್ದರು.

ಆ ಮಾರ್ಚ್ ಬ್ರೇಕಿಗೆ ನಾವು ಮೆಕ್ಸಿಕೋಗೆ ಪ್ಯಾಕೇಜ್ ತೆಗೆದುಕೊಂಡಿದ್ದೆವು. ಹೋಟೆಲಿನ ಲಾಬಿಯಲ್ಲಿ ಟೂರಿನವರು ಇಟ್ಟಿದ್ದ ಬಣ್ಣದ ಹಾಳೆಯಲ್ಲಿ ಕಪ್ಪು ಗೂಳಿಯ ಚಿತ್ರ ನೋಡಿ ನನ್ನ ಗಂಡ, "ಅಪ್ಪಾ, ಇಲ್ಲೂ ಹೋರಿ ಹಬ್ಬ ಐತಿ ನೋಡು" ಎಂದುಬಿಟ್ಟರು. ಅವರಿಗೂ ಅದರ ಬಗ್ಗೆ ಸರಿಯಾಗಿ ಗೊತ್ತಿರಲಿಲ್ಲ. ಪ್ರವಾಸಿಗಳಿಗೆಂದು ಮಾಡುವ ಷೋ, ಡ್ಯಾನ್ಸೂ ಇರುತ್ತೆ, ಕೆಂಪು ಬಟ್ಟೆ ಬೀಸಿ ಆಟ ಆಡಿಸಿ ಒಳಗೆ ಕಳಿಸುತ್ತಾರೆ ಎಂದುಕೊಂಡಿದ್ದರು. ನಾನು ನೇರವಾಗಿಯೇ ಹೇಳಿದೆ. "ಮಾವ, ಅದು ನಿಮ್ಮ ಹಬ್ಬದ ಥರ ಅಲ್ಲ. ಕೊನೇಲಿ ಅದನ್ನ ಸಾಯಿಸ್ತಾರೆ."

ಮಾವ ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದರು. "ಯಾರರ ಸಾಯಿಸ್ತಾರೇನವಾ? ಚಲೋ ಹೋರಿ ಸಾಯಿಸಿದ್ರ ಮುಂದಿನ ವರ್ಷ ಏನ ಬಿಡ್ತಾರ?"

ಹೋರಿ ಸಾಕಿದವರ ಲೆಕ್ಕ ಅದು. ಹೋರಿಯನ್ನು ಮತ್ತೊಮ್ಮೆ ಕಣ್ಣಾರೆ ನೋಡುವ ಆಸೆ ಅವರ ಮುಖದಲ್ಲಿ ಎಷ್ಟಿತ್ತೆಂದರೆ, ಬೇಡವೆನ್ನಲು ನನ್ನ ಗಂಡನಿಗೆ ಬಾಯಿ ಬರಲಿಲ್ಲ. ಮಗಳಂತೂ ಭಾಷಣಕ್ಕೆ ಅನುಕೂಲವಾಗುತ್ತದೆ ಎಂದು ಕುಣಿಯುತ್ತಿದ್ದಳು. ಹೋದೆವು.

ಮೊದಲು ಲಂಗದ ಹೆಂಗಸರು ಕುಣಿದರು, ಹಗ್ಗ ಬೀಸುವವರು ಕುದುರೆ ಓಡಿಸಿದರು. ಆಮೇಲೆ ಗೂಳಿ ಬಂತು. ಮಾವ ಎದ್ದು ನಿಂತರು. "ನಮ್ಮ ಹೋರಿಯಂಗ ಬೆನ್ನ ಮ್ಯಾಲ ಡುಬ್ಬ ಇಲ್ಲ, ಆದ್ರ ಕುತ್ತಿಗಿ ನೋಡ ಕೂಸ! ಕಾಲು ನೋಡ!" ಎಂದು ಮೊಮ್ಮಗಳಿಗೆ ತೋರಿಸಿದರು. ಬೀಸಿದ ಬಟ್ಟೆಯ ಕಡೆ ಅದು ನುಗ್ಗಿದಾಗ ಊರಿನ ಅಖಾಡದಲ್ಲಿ ಕೂಗುವ ಹಾಗೆ ಹೋ ಎಂದು ಕೂಗಿದರು. ನಮ್ಮ ಮುಂದಿನ ಸಾಲಿನಲ್ಲಿ ಬಿಸಿಲಿಗೆ ಕೆಂಪಾಗಿ ಕೂತಿದ್ದ ಪ್ರವಾಸಿಗಳು ತಿರುಗಿ ನೋಡಿ ನಕ್ಕರು. ಅಷ್ಟು ಜೋರಾದ ಮಾವನನ್ನು ನಾನು ಕೆನಡಾದಲ್ಲಿ ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ, ಬಂದದ್ದೇ ಒಳ್ಳೆಯದಾಯಿತು ಎಂದು ಆ ಗಳಿಗೆಯಲ್ಲಿ ನನಗೂ ಅನ್ನಿಸಿತ್ತು.

ಆಗ ಒಬ್ಬ ಎರಡು ಕೋಲು ಹಿಡಿದು ಬಂದ. ಕೋಲಿನ ಉದ್ದಕ್ಕೂ ಕೆಂಪು, ಹಳದಿ, ಹಸಿರು ಕಾಗದದ ಜಾಲರಿ ಸುತ್ತಿತ್ತು. ಹೋರಿಗೆ ಹಬ್ಬದ ದಿನ ಕಟ್ಟುತ್ತಾರಲ್ಲ, ಅಂಥದ್ದೇ ಬಣ್ಣದ ಕಾಗದ. ಮಾವನ ಮುಖ ಅರಳಿತು.

"ನೋಡ ಕೂಸ, ಈಗ ಸಿಂಗಾರ ಮಾಡ್ತಾರ!" ಎಂದು ಚಪ್ಪಾಳೆ ತಟ್ಟಿದರು. ಅಜ್ಜ ತಟ್ಟಿದರೆಂದು ಮಗಳೂ ತಟ್ಟಿದಳು.

ಅವನು ಹಾರಿ ಎರಡೂ ಕೋಲನ್ನು ಅದರ ಬೆನ್ನಿಗೆ ಚುಚ್ಚಿದ. ತುದಿಯಲ್ಲಿ ಕೊಕ್ಕೆಯಿದ್ದ ಕಬ್ಬಿಣವಿತ್ತು. ಕಾಗದ ಬೆನ್ನ ಮೇಲೆ ಜೋತಾಡಿತು, ಅದರ ಕೆಳಗಿಂದ ರಕ್ತ ಇಳಿಯಿತು. ಮಾವ ಕೈಗಳನ್ನು ಕೆಳಗಿಳಿಸಿ ಕುಳಿತರು. ಅಂಗಳದಲ್ಲಿದ್ದವರು ಮತ್ತೆರಡು ಕೋಲು ಚುಚ್ಚಿದರು. ಮಾವನ ಕಣ್ಣು ಆ ದುಂಡನೆಯ ಅಂಗಳದ ಗೋಡೆಯ ಸುತ್ತ ಓಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ಬಾಗಿ ಕೇಳಿದರು: "ಯವ್ವಾ, ಇದಕ್ಕ ಹೊರಗ ಹೋಗೂ ದಾರಿ ಎಲ್ಲೈತಿ?"

"ಇಲ್ಲ ಮಾವ."

ಗಂಡ ಏಳೋಣ ಎಂದರು. ಮಗಳು ನನ್ನ ತೊಡೆಯಲ್ಲಿ ಮುಖ ಹುದುಗಿಸಿದ್ದಳು. ಮಾವ ಏಳಲಿಲ್ಲ. ಅವರನ್ನು ಬಿಟ್ಟು ನಾವು ಎದ್ದು ಹೋಗುವ ಹಾಗಿರಲಿಲ್ಲ. ಅದು ಮಂಡಿಯೂರಿ ಬೀಳುವವರೆಗೂ, ಕುದುರೆ ಕಟ್ಟಿ ಎಳೆದುಕೊಂಡು ಹೋಗುವವರೆಗೂ ಅವರು ರೆಪ್ಪೆ ಬಡಿಯದೆ ನೋಡಿದರು. ಮುಂದಿನ ಸಾಲಿನವರು ಕ್ಯಾಮೆರಾ ಎತ್ತಿ ಫೋಟೋ ತೆಗೆದರು. ಅವರನ್ನು ಹಿಡಿದು ಎರಡು ಬಾರಿಸಬೇಕು ಅನ್ನಿಸಿತು ನನಗೆ. ನಾವೂ ಟಿಕೆಟು ಕೊಂಡೇ ಕುಳಿತಿದ್ದೇವೆ ಎಂಬುದು ಆಮೇಲೆ ನೆನಪಾಯಿತು.

ಹೋಟೆಲಿಗೆ ಹಿಂದಿರುಗುವ ಬಸ್ಸಿನಲ್ಲಿ ಮಗಳು ಕೇಳಿದಳು. "ಈಸ್ ದಟ್ ವಾಟ್ ಯೂ ಡಿಡ್, ಅಜ್ಜಾ?"

ಅಷ್ಟು ಇಂಗ್ಲಿಷು ಮಾವನಿಗೆ ಬರುತ್ತಿತ್ತು. "ಇಲ್ಲವ್ವ. ನಮ್ಮಲ್ಲಿ ಕೊಲ್ಲೂದಿಲ್ಲ."

"ಯು ಕ್ಲ್ಯಾಪ್ಡ್" ಎಂದು ಹೇಳಿ ಅವಳು ಕಿಟಕಿಯ ಕಡೆ ತಿರುಗಿದಳು.

ಮನೆಗೆ ಬಂದ ಮೇಲೆ ಭಾಷಣಕ್ಕೆ ಡಾಲ್ಫಿನ್ ಸಾಕು ಎಂದಳು. ಅದೇ ರಜೆಯಲ್ಲಿ ಸಮುದ್ರದಲ್ಲಿ ಡಾಲ್ಫಿನ್ ನೋಡಿದ್ದಳು. ನನಗೆ ಸಿಟ್ಟು ಬಂತು. ಗಂಡನ ಮೇಲೆ, ಆ ಬಣ್ಣದ ಹಾಳೆಯ ಮೇಲೆ, ಮಗಳ ಮೇಲೂ. "ಅದು ಬೇರೆ, ಅಜ್ಜನ ಹಬ್ಬ ಬೇರೆ. ಅಷ್ಟೂ ತಿಳಿಯಲ್ವಾ?" ಎಂದು ಗದರಿದೆ. ಆಮೇಲೆ ಅವಳು ಶಾಲೆಯಿಂದ ಬಂದು ನೇರ ಮಹಡಿ ಹತ್ತುತ್ತಿದ್ದಳು. ಮಾವ ಟಿವಿಯಲ್ಲಿ ಐಸ್ ಹಾಕಿ ಪಂದ್ಯ ಹಾಕಿಕೊಂಡು, ಮೆಟ್ಟಿಲ ಕಡೆ ಕಿವಿಯಿಟ್ಟು ಕೂರುತ್ತಿದ್ದರು. ಊರಿಂದ ಫೋನು ಬಂದರೆ ಹೋರಿಯ ಮಾತು ತೆಗೆಯುತ್ತಿರಲಿಲ್ಲ. ಇಷ್ಟು ವರ್ಷ ಮೊಮ್ಮಗಳಿಗೆ ಕೊಡಲು ಅವರ ಹತ್ತಿರ ಇದ್ದದ್ದು ಅದೊಂದೇ, ಅದನ್ನೂ ನಾವು ರಜೆಗೆ ಕರೆದುಕೊಂಡು ಹೋಗಿ ಕಳೆದುಕೊಂಡು ಬಂದಿದ್ದೆವು.

ಭಾಷಣಕ್ಕೆ ಮುಂಚಿನ ಭಾನುವಾರ ನಾನು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದೆ. ಮಾವ ಟೇಬಲ್ಲಿನ ಮುಂದೆ ಅವರೆಕಾಯಿ ಬಿಡಿಸುತ್ತಿದ್ದರು. ಮಗಳು ಕೆಳಗೆ ಬಂದು ಅವರೆದುರು ಕೂತಳು. ಅಜ್ಜನಿಗೆ ತಪ್ಪಿಲ್ಲದೆ ಮುಟ್ಟಲಿ ಎಂದೋ ಏನೋ, ಕನ್ನಡದಲ್ಲೇ ಕೇಳಿದಳು. "ಅಜ್ಜ, ನಿಮ್ಮ ಹೋರಿ ಹೇಗೆ ಸತ್ತ?"

ಹೋರಿಯನ್ನು "ಸತ್ತ" ಎಂದದ್ದಕ್ಕೆ ನಾನು ತಿದ್ದಲು ಹೋಗಲಿಲ್ಲ. ಮಾವ ಕಾಯಿ ಕೆಳಗಿಟ್ಟರು.

"ಮುಪ್ಪಾಗಿ ಸತ್ತಿತವ್ವ. ನನ್ನ ಮನ್ಯಾಗ, ನನ್ನ ಕೈಯಾಗ. ಚಕ್ಕಡಿ ಸಿಂಗಾರ ಮಾಡಿ, ಊರ ತುಂಬ ಮೆರವಣಿಗಿ ಮಾಡಿ ನಮ್ಮ ಹೊಲದಾಗ ಮಣ್ಣು ಕೊಟ್ಟಿವಿ. ಊರ ಮಂದಿ ಎಲ್ಲಾ ಅತ್ತರು. ನಾ ಊಟಾ ಬಿಟ್ಟಿದ್ದೆ."

ಮಗಳ ಮುಖ ಸಡಿಲವಾಯಿತು. ನನಗೂ ಉಸಿರು ಬಂದಂತಾಯಿತು. ಸದ್ಯ, ಇನ್ನು ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಮಾವನಿಗೂ ಧೈರ್ಯ ಬಂದಿರಬೇಕು, ಮುಂದುವರಿಸಿದರು: "ಅವರದು ಕೊಲ್ಲೂ ಆಟ. ನಮ್ಮದು ಹಂಗಲ್ಲ. ನಮ್ಮದು ಹೋರಿ ಬೆದರಿಸೂ ಹಬ್ಬ."

ಅಷ್ಟು ವರ್ಷವೂ ನಮ್ಮ ಮನೆಯಲ್ಲಿ ಬರಿಯ ಹೋರಿ ಹಬ್ಬ ಎನ್ನುತ್ತಿದ್ದೆವು. ಅದರ ಪೂರ್ತಿ ಹೆಸರನ್ನು ಮಗಳು ಕೇಳಿದ್ದು ಅದೇ ಮೊದಲು.

"ಬೆದರಿಸೋದು ಅಂದ್ರೆ?" ಎಂದು ನನ್ನನ್ನು ಕೇಳಿದಳು.

"ಟು ಸ್ಕೇರ್" ಎಂದೆ, ಚಪಾತಿ ತಿರುವಿ ಹಾಕುತ್ತಾ.

"ಸೋ ಹಿ ವಾಸ್ ಸ್ಕೇರ್ಡ್?"

ಹುಡುಗಿ ಚುಚ್ಚಲು ಕೇಳಿರಲಿಲ್ಲ. ಪದದ ಅರ್ಥ ತಿಳಿಯಿತು, ಕೇಳಿದಳು. ಬೆದರಿಸುವುದು ಎಂಬ ಮಾತು ಚಿಕ್ಕಂದಿನಿಂದ ಮಾವನ ಬಾಯಲ್ಲಿತ್ತು, ಅದರೊಳಗೆ ಏನಿದೆ ಎಂದು ಅವರು ನೋಡಿಯೇ ಇರಲಿಲ್ಲ. ನಾನೂ ನೋಡಿರಲಿಲ್ಲ. ಮಾವ ನನ್ನ ಕಡೆ ತಿರುಗಿದರು. ಅನುವಾದ ಬೇಕಾಗಿರಲಿಲ್ಲ, ಅವರಿಗೆ ತಿಳಿದಿತ್ತು. ಗತ್ತಿನಿಂದ ಓಡುತ್ತಿತ್ತು ಎಂಬ ಮಾತು ಬರುತ್ತದೆ ಎಂದು ಕಾದೆ. ಬಂದಿದ್ದರೆ ನಾನೇ ಅದನ್ನು ಇಂಗ್ಲಿಷಿಗೆ ತಿರುಗಿಸಿ, ಇನ್ನಷ್ಟು ಬಣ್ಣ ಕಟ್ಟಿ ಮಗಳಿಗೆ ಹೇಳುತ್ತಿದ್ದೆ.

ಮಾವ ಅವರೆಕಾಯಿಯ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದರು.

"ಪಟಾಕಿ ಹಾರಸ್ತಿದ್ರು, ಹಲಗಿ ಬಡೀತಿದ್ರು," ಎಂದರು. "ಮಂದಿ ಮೈಮ್ಯಾಲ ಬೀಳ್ತಿದ್ರು. ಗೆದ್ದ ಮ್ಯಾಲ ಮನಿಗೆ ತಂದು ಕಟ್ಟಿದ್ರ, ಬಾಳ ಹೊತ್ತು ನಡಗ್ತಿತ್ತು. ಮೈ ಮ್ಯಾಲ ಕೈ ಇಟ್ಕೊಂಡು ನಿಂದರ್ತಿದ್ದೆ, ಕೈಗೆ ಗೊತ್ತಾಕ್ಕಿತ್ತು. ದಣಿದೈತಿ ಅಂತ ತಿಳಕೊಂಡಿದ್ದೆ ನಾ." ಆಮೇಲೆ ಮೊಮ್ಮಗಳ ಮುಖ ನೋಡಿ ಹೇಳಿದರು, "ಅಂಜಿತ್ತವ್ವ. ಬಾಳ ಅಂಜಿತ್ತು."

ಈ ವಯಸ್ಸಿನಲ್ಲಿ, ಈ ದೇಶದಲ್ಲಿ, ಅಡುಗೆಮನೆಯ ಟೇಬಲ್ಲಿನಲ್ಲಿ ಕೂತು ಅವರು ತಮ್ಮ ಗೆಲುವನ್ನು ತಾವೇ ಕೆಳಗಿಳಿಸಿದ್ದರು. ಹಾಗೆ ಮಾಡಿ ಎಂದು ಯಾರೂ ಅವರನ್ನು ಒತ್ತಾಯಿಸಿರಲಿಲ್ಲ.

ಮಗಳು ಎದ್ದು ಸುತ್ತು ಬಂದು ಅವರ ಪಕ್ಕದ ಕುರ್ಚಿಯಲ್ಲಿ ಕೂತಳು. ಡಾಲ್ಫಿನ್ ಬೇಡ, ಹೋರಿಯ ಬಗ್ಗೆಯೇ ಮಾತನಾಡುತ್ತೇನೆ ಎಂದಳು. ಅಜ್ಜನ ಕಡೆ ತಿರುಗಿ, "ಕ್ಯಾನ್ ಐ ಸೇ ದಟ್, ಅಜ್ಜಾ? ದಟ್ ಹಿ ವಾಸ್ ಸ್ಕೇರ್ಡ್?" ಎಂದು ಕೇಳಿದಳು.

ಬೇಡವೆನ್ನಲು ನಾನು ಬಾಯಿ ತೆರೆದೆ. ಅಷ್ಟು ಮಕ್ಕಳ ಮುಂದೆ, ಅವರ ಟೀಚರ ಮುಂದೆ, ಇದು ಯಾಕೆ ಬೇಕು? ಕೊಬ್ಬರಿ ಸರ, ಬಲೂನು, ಮೆರವಣಿಗೆ ಸಾಲದೆ?

ಮಾವ ನನಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿದರು.

"ಹೇಳವ್ವ," ಎಂದರು ಮೊಮ್ಮಗಳಿಗೆ. "ಅದನ್ನ ಮೊದ್ಲ ಹೇಳು."