ಯಲ್ಲಪ್ಪ ಗೌಡನಾದದ್ದು

ನಲವತ್ತೆಂಟನೆಯ ವಯಸ್ಸಿನಲ್ಲಿ ಮೊನ್ನೆ ಮೀಸೆ ಬೋಳಿಸಿಕೊಂಡೆ. (ಮನೆಯಾಕೆ ಇನ್ನೂ ನಗುತ್ತಿದ್ದಾಳೆ.) ಇದಕ್ಕೆ ಕಾರಣ ಒಬ್ಬ ಇಂಗ್ಲಿಷ್ ಸಿನಿಮಾ ನಟ ಎಂದರೆ ನಂಬುತ್ತೀರಾ?

ನಮ್ಮೂರು ಗುಡಗೇರಿಗೂ ಈಗ ವಿಡಿಯೋ ಬಂದಿದೆ. ಬಾಂಬೆಯಿಂದ ಬಂದ ನನ್ನ ಮೈದುನ ಮೂರು ಇಂಗ್ಲಿಷ್ ಕ್ಯಾಸೆಟ್ ತಂದಿದ್ದ. ಮೂರು ಭಾನುವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಕುಳಿತು ನೋಡಿದೆವು. ಜೊತೆಗೆ ನಮ್ಮ ಹೈಸ್ಕೂಲಿನ ಕ್ಲಾರ್ಕ್ ಯಲ್ಲಪ್ಪ. ಮೂರನೆಯದು ಅರ್ಧಕ್ಕೆ ಬಂದಾಗ ಅವನು ಎದ್ದು ನಿಂತ.

“ಸರ, ಆ ಮನಶ್ಯಾ ಮತ್ತ ಬಂದ ನೋಡ್ರಿ! ಮೊದಲನೇದ್ರಾಗ ಕಳ್ಳ, ಎರಡನೇದ್ರಾಗ ಕುದರಿ ಕಾಯಾವ, ಇಲ್ಲಿ ಕುಡುಕ.”

ನಡಿಗೆ, ದನಿ, ನೋಟ ಎಲ್ಲ ಬೇರೆ. ಮೂರರಲ್ಲೂ ಒಬ್ಬನೇ ಎಂದು ನನಗೆ ಗೊತ್ತೇ ಆಗಿರಲಿಲ್ಲ.

ಮೈದುನ ಸಿನಿಮಾ ಪತ್ರಿಕೆ ಓದುವವನು. “ಅಂವಾ ಮೆಕ್ಸಿಕೋ ಕಡೆ ಮಂದಿ ಪೈಕಿ. ಮೈಬಣ್ಣ ನಮ್ಮಂಗ. ಅದಕ್ಕ ವರ್ಷಾನುಗಟ್ಟಲೆ ಇಂಥಾವ ಪಾತ್ರ ಕೊಟ್ರು. ಆಮ್ಯಾಲೆ ಟಿ.ವಿ.ಯೊಳಗ ಒಬ್ಬರು ಧೈರ್ಯಾ ಮಾಡಿ ಡಾಕ್ಟರ್ ಪಾತ್ರಾ ಕೊಟ್ರು. ಈಗ ವಕೀಲ, ಪಾದ್ರಿ, ಏನ್ ಕೊಟ್ರೂ ಮಾಡ್ತಾನ.”

ಯಲ್ಲಪ್ಪ ನನ್ನ ಕಡೆ ತಿರುಗಿದ. “ಹಂಗಾದ್ರ ಅಲ್ಲೂ ಪಾತ್ರಾ ಹಂಚಾವ್ರು ನಿಮ್ಮಂಥಾ ಮಾಸ್ತರರ ಏನ್ರಿ?”

ನಾನು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದೆ.

ನಮ್ಮೂರ ನಾಟಕಕ್ಕೆ ಹನ್ನೆರಡು ವರ್ಷದಿಂದ ನಾನೇ ಡೈರೆಕ್ಟರ್. ಯಲ್ಲಪ್ಪ ದಲಿತ ಕೇರಿಯವನು. ಅವನಂಥ ನಟ ನಮ್ಮಲ್ಲಿ ಇನ್ನೊಬ್ಬನಿಲ್ಲ. ಎಲ್ಲ ಪಾತ್ರಕ್ಕೂ ಒಗ್ಗುತ್ತಾನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಎಲ್ಲ ಪಾತ್ರ ಎಂದರೆ? ಆಳು, ಕಳ್ಳ, ಕುಡುಕ.

ಈ ಸಲ ಅವನಿಗೆ ಗೌಡನ ಪಾತ್ರ ಕೊಟ್ಟೆ. ಗೌಡನ ಮಗನ ಪಾತ್ರ ಕಾಳಿನ ವ್ಯಾಪಾರಿ ಮಹಾಂತೇಶನದು. ಎರಡನೆಯ ದಿನದ ತಾಲೀಮಿಗೇ ಮಹಾಂತೇಶ ತಕರಾರು ತೆಗೆದ.

“ಮಾಸ್ತರ, ಕಡೀಕ ಮಗಾ ಅಪ್ಪನ ಕಾಲಿಗೆ ಬೀಳ್ತಾನ. ನಾ ಇವನ ಕಾಲಿಗೆ ಬೀಳಬೇಕೇನ್ರಿ?”

ನಾನು ಹೇಡಿಯಂತೆ ಅಂದೆ: “ನಿಂತs ಕೈ ಮುಗದ್ರೂ ನಡೀತದ ಬಿಡು.”

ಯಲ್ಲಪ್ಪ ಹಸ್ತಪ್ರತಿಯನ್ನು ಮೇಜಿನ ಮೇಲಿಟ್ಟ. “ಹಂಗಿದ್ರ ಗೌಡನ ಪಾತ್ರಾ ನನಗ ಬ್ಯಾಡ್ರಿ ಸರ.” ದನಿ ಏರಿಸಲಿಲ್ಲ. ಹೊರಟೇ ಹೋದ.

ಮರುದಿನ ಬೆಳಿಗ್ಗೆ ಅವನ ಮನೆಗೆ ಹೋದೆ. ಹನ್ನೆರಡು ವರ್ಷದಲ್ಲಿ ಅದೇ ಮೊದಲು. “ಮಗನ ಪಾತ್ರಾ ನಾನs ಮಾಡ್ತೀನಿ, ಬಾ” ಎಂದೆ. ಇಪ್ಪತ್ತರ ಹುಡುಗನ ಪಾತ್ರಕ್ಕೆ ನರೆತ ಮೀಸೆ ಹೊಂದುತ್ತದೆಯೇ?

ನಾಟಕದ ದಿನ ಯಲ್ಲಪ್ಪ ರುಮಾಲು ಸುತ್ತಿ ರಂಗಕ್ಕೆ ಬಂದಾಗ ಮುಂದಿನ ಸಾಲಿನಿಂದ ನಾಲ್ಕೈದು ಜನ ಎದ್ದು ಹೋದರು. ಉಳಿದವರು ಕೂತರು. ಕೊನೆಯ ದೃಶ್ಯದಲ್ಲಿ ನಾನು ಅವನ ಕಾಲಿಗೆ ಬಿದ್ದೆ. ಅವನು ಬಾಗಿ ನನ್ನ ತಲೆಯ ಮೇಲೆ ಕೈಯಿಟ್ಟ. ಆಮೇಲೆ “ಏಳಪಾ ಮಗನ” ಎಂದ. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಬಣ್ಣ ಒರೆಸಿಕೊಳ್ಳುವಾಗ ಕೇಳಿದೆ: “ಅಗದಿ ಗೌಡರಂಗs ನಡದ್ಯಲ್ಲಾ, ಎಲ್ಲಿ ಕಲ್ತಿ?”

“ದೂರ ನಿಂತು ನೋಡಿದವರಿಗೆ ಚಲೋ ಕಾಣಸ್ತದ್ರಿ ಸರ.”

ಹನ್ನೆರಡು ವರ್ಷ ನಾನು ಅವನ ಹತ್ತಿರವೇ ಇದ್ದೆ. ನನಗೇಕೆ ಏನೂ ಕಾಣಿಸಲಿಲ್ಲ?