ಭೈರವನ ಹಸಿಬೆ

ಮಣಿಪಾಲದ ಬಸ್ ನಿಲ್ದಾಣದಲ್ಲಿ ನಿಂತು ಕಾಲಕ್ಷೇಪ ಮಾಡುವ ನನ್ನಂಥವರಿಗೆ ಈಚೆಗೆ ಒಂದು ಹೊಸ ದೃಶ್ಯ ಲಭ್ಯವಾಗಿದೆ. ದೂರದೇಶಗಳಿಂದ ವೈದ್ಯಶಾಸ್ತ್ರ ಕಲಿಯಲು ಬಂದ ತರುಣ ತರುಣಿಯರು ಬೆನ್ನಿಗೆ ಹಾಕಿಕೊಳ್ಳುವ ಚೀಲವೊಂದನ್ನು ತಂದಿದ್ದಾರೆ. ಅದನ್ನು ಹೊಲಿದ ಪುಣ್ಯಾತ್ಮ ಎರಡು ಹೆಗಲಿಗೆಂದು ಎರಡು ಪಟ್ಟಿ ಇಟ್ಟಿದ್ದಾನೆ. ಇವರೋ ಒಂದನ್ನು ಒಂದೇ ಹೆಗಲಿಗೆ ಸಿಕ್ಕಿಸಿಕೊಂಡು, ಇನ್ನೊಂದನ್ನು ಅನಾಥವಾಗಿ ಜೋಲಲು ಬಿಟ್ಟು, ಸುಣ್ಣದ ಗೋಡೆಗೆ ಒರಗಿಸಿಟ್ಟ ಏಣಿಯ ಹಾಗೆ ವಾಲಿಕೊಂಡು ನಡೆಯುತ್ತಾರೆ. ನಗುವ ಅಧಿಕಾರ ನನಗಿಲ್ಲ, ಬಿಡಿ. ವರ್ಷಾನುವರ್ಷ ಉತ್ತರಪತ್ರಿಕೆಗಳನ್ನು ಬಗಲಚೀಲದಲ್ಲಿ ತುಂಬಿಕೊಂಡು ಓಡಾಡಿದ್ದರ ಫಲವಾಗಿ ನನ್ನ ಎಡಹೆಗಲು ಬಲಹೆಗಲಿಗೆ ಸದಾ ನಮಸ್ಕರಿಸುವ ಭಂಗಿಯಲ್ಲಿದೆ. ಹೊರೆಯನ್ನು ಸರಿಯಾಗಿ ಹೊರಲು ಬಲ್ಲ ಒಂದೇ ಒಂದು ಜೀವವನ್ನು ನಾನು ಬದುಕಿನಲ್ಲಿ ಕಂಡಿದ್ದೇನೆ. ಅದಕ್ಕೆ ನಾಲ್ಕು ಕಾಲುಗಳಿದ್ದವು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಉಡುಪಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಕಾಪುವಿನಲ್ಲಿ, ಹೆದ್ದಾರಿಯಿಂದ ಗದ್ದೆಗಳನ್ನು ದಾಟಿ ಒಳಗೆ ಹೋದರೆ ಸಿಗುವ ಸೆವ್ರಿನ್ ಬಾಯಿಯವರ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ನನ್ನ ಊರು ಕಾರ್ಕಳ. ಊರಿನಿಂದ ಬರುವಾಗ ಒಂದು ಟ್ರಂಕು ಪುಸ್ತಕಗಳನ್ನೂ ಒಂದು ಕಪ್ಪು ನಾಯಿಮರಿಯನ್ನೂ ತಂದಿದ್ದೆ. ಕಾರ್ಕಳವನ್ನು ಆಳಿದ ಭೈರವರಸರ ನೆನಪಿಗೆ ಮರಿಗೆ ‘ಭೈರವ’ ಎಂದು ಗಂಭೀರವಾಗಿ ನಾಮಕರಣ ಮಾಡಿದ್ದೂ ನಾನೇ. ಆದರೆ ಬಾಯಿಯವರ ಕೊಂಕಣಿ ನಾಲಗೆಯ ಮೇಲೆ ಆ ಮಹಾಪ್ರಾಣ ಒಂದು ದಿನವೂ ಬದುಕಲಿಲ್ಲ. ಅವನು ಬೈರು ಆದ, ಅವರ ಅಡುಗೆಮನೆಯ ಹೊಸ್ತಿಲ ಖಾಯಂ ಪ್ರಜೆಯಾದ. ನಾಯಿ ನನ್ನದು, ಭಕ್ತಿ ಅವರದು. ಪುಸ್ತಕಗಳು ಮಾತ್ರ ನನ್ನ ಬಳಿಯೇ ಉಳಿದವು.

ಬಾಯಿಯವರು ವಿಧವೆ, ಐವತ್ತು ದಾಟಿದವರು. ಮನೆಯ ಹಿಂದೆ ಮಲ್ಲಿಗೆಯ ತೋಟ. ಮುಂಜಾನೆ ನೆರೆಯ ಹೆಂಗಸರಿಬ್ಬರು ಬಂದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿಕೊಟ್ಟು, ತಮ್ಮ ಬೀಡಿಯ ಕೆಲಸಕ್ಕೆ ಓಡುವರು. ಬಾಯಿಯವರು ಹೂವನ್ನು ಬಾಳೆಲೆಯಲ್ಲಿ ಸುತ್ತಿ, ಕಟ್ಟಪುಣಿಯ ಮೇಲೆ, ಎಂದರೆ ಆ ಗದ್ದೆಗಳ ನಡುವಿನ ಒಂದಡಿ ಬದುವಿನ ಮೇಲೆ, ನಡೆದು ಹೆದ್ದಾರಿಯ ಅಶ್ವತ್ಥಕಟ್ಟೆಗೆ ಮುಟ್ಟಿಸಬೇಕು. ಅಲ್ಲಿ ಹೂವಿನ ವಾಸಣ್ಣ ಬುಟ್ಟಿ ಇಟ್ಟುಕೊಂಡು ಕಾಯುತ್ತಿರುತ್ತಾರೆ. ಎಲ್ಲ ತೋಟದ ಹೂವನ್ನೂ ಕೂಡಿಸಿಕೊಂಡು ಬೆಳಗಿನ ಬಸ್ಸಿಗೆ ಉಡುಪಿಗೆ ಹೋಗುವವರು ಅವರು. ಬಸ್ಸು ತಪ್ಪಿತೆಂದರೆ ಅಂದಿನ ಹೂವು ಕಸ.

ಹೀಗಿರುವಾಗ ಬಾಯಿಯವರು ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಎಡಭುಜ ಮುರಿದುಕೊಂಡರು. ಮಣಿಪಾಲದ ಡಾಕ್ಟರರು ಕೈಯನ್ನು ಕೊರಳಿಗೆ ಕಟ್ಟಿ, ಹೆಗಲಿಗೆ ತಲೆಗೆ ಏನನ್ನೂ ಹೊರಿಸಕೂಡದು ಎಂದರು. ಬಲಗೈಯಲ್ಲಿ ಮೊದಲೇ ಮಂಡಿನೋವಿನ ಕೋಲು. ಪಡುಬಿದ್ರಿಗೆ ಮದುವೆಯಾಗಿದ್ದ ಮಗಳು ಲೀನಾ ಬಂದು, ತಾಯಿಯ ಮೇಲಿನ ಪ್ರೀತಿಯಿಂದಲೇ, ಕಡ್ಡಿ ಮುರಿದಂತೆ ಹೇಳಿದಳು: “ಮಾಯ್, ಇನ್ನು ಸಾಕು. ಹೂ ಕಟ್ಟೆಗೆ ಮುಟ್ಟದಿದ್ದರೆ ಗಿಡ ಯಾಕೆ? ಕೀಳಿಸಿ ಬಿಡುವ. ನೀವು ನಮ್ಮಲ್ಲಿಗೆ ಬನ್ನಿ.” ಬಾಯಿಯವರು ಮಗಳಿಗೆ ಎದುರಾಡಲಿಲ್ಲ. ಅವಳು ಹೋದ ಮೇಲೆ ಜಗಲಿಯಲ್ಲಿ ಕೂತು ನನಗೆ ಹೇಳಿದರು, “ಗಿಡಕ್ಕೆ ನನ್ನ ಕೈ ಮುರಿದದ್ದು ಗೊತ್ತಿಲ್ಲ ಅಲ್ವಾ ಮಾಸ್ಟ್ರೇ? ಅದು ನಾಳೆಯೂ ಹೂ ಬಿಡ್ತದೆ.”

ನೀವೇ ಹೊತ್ತುಕೊಂಡು ಹೋಗಬಹುದಿತ್ತಲ್ಲ ಎಂದು ಓದುಗರು ಹುಬ್ಬೇರಿಸುವುದಕ್ಕೆ ಮುಂಚೆಯೇ ನಿವೇದಿಸಿಕೊಳ್ಳುತ್ತೇನೆ: ಹೊತ್ತೆ. ಮೊದಲ ದಿನವೇ ವಾಸಣ್ಣನವರ ಎದುರಿನಿಂದ, ಯಾವುದೋ ಷಟ್ಪದಿಯ ಮಾತ್ರೆಗಳನ್ನು ಎಣಿಸುತ್ತ, ಹೂವಿನ ಸಮೇತ ಬಸ್ಸು ಹತ್ತಿ ಕಾಲೇಜಿಗೆ ಹೋದೆ. ಅಂದು ನಮ್ಮ ಅಧ್ಯಾಪಕರ ಕೊಠಡಿ ಘಮಘಮಿಸಿದಷ್ಟು ಹಿಂದೆಂದೂ ಘಮಘಮಿಸಿರಲಿಲ್ಲ. “ನಿಮಗೆ ಪಾಠ ಉಂಟು, ಇದೆಲ್ಲ ಬೇಡ,” ಎಂದು ಬಾಯಿಯವರು ನನ್ನನ್ನು ಬಹು ಗೌರವದಿಂದ ಕೆಲಸದಿಂದ ಬಿಡಿಸಿದರು. ಆಗ ಅವರ ಕಾಲ ಬಳಿ ಮಲಗಿ, ಯಾವ ಜವಾಬ್ದಾರಿಯೂ ಇಲ್ಲದೆ ನೊಣ ಹಿಡಿಯುತ್ತಿದ್ದ ಭೈರವನನ್ನು ಕಂಡು ನನಗೆ ಹೊಳೆದದ್ದು ಹಸಿಬೆ.

ಹಸಿಬೆ ಎಂದರೆ ನಡುವೆ ಬಾಯಿ, ಎರಡು ಕಡೆ ಹೊಟ್ಟೆ ಇರುವ ಚೀಲ. ಹಿಂದಿನವರು ಹೆಗಲ ಮೇಲೆ ಹಿಂದೊಂದು ಮುಂದೊಂದು ಮಾಡಿ ಹಾಕುತ್ತಿದ್ದರು; ಎತ್ತು ಕುದುರೆಗಳ ಬೆನ್ನಿಗೂ ಹೇರುತ್ತಿದ್ದರು. ಎಂಥ ಸೊಗಸಾದ ಪದ! ಆ ಪದವನ್ನು ಬಳಸುವ ಅವಕಾಶ ಸಿಕ್ಕಿದ್ದೇ ಸಾಕೆಂದು, ಭೈರವನಿಗೆ ಹಗ್ಗ ಕಟ್ಟಿಕೊಂಡು ಪೇಟೆಯ ಟೈಲರ್ ಶೀನಣ್ಣನ ಅಂಗಡಿಗೆ ಹೋಗಿ, “ಶೀನಣ್ಣ, ನಾಯಿಗೆ ಹಸಿಬೆಯಾಗಬೇಕು,” ಎಂದೆ. ಮನೆಯಲ್ಲಿ ತುಳುವಾಡುವ, ಕನ್ನಡವನ್ನು ಗಿರಾಕಿಗಳಿಗೆಂದು ಇಸ್ತ್ರಿ ಮಾಡಿಟ್ಟುಕೊಂಡಿದ್ದ ಆ ಸಜ್ಜನ ಕತ್ತರಿ ಕೆಳಗಿಟ್ಟು ಕನಿಕರದಿಂದ ನೋಡಿದ. “ಹಸಿವೆ ಆಗದಿದ್ದರೆ ಹೊಟ್ಟೆ ಸರಿ ಇಲ್ಲ ಅಂತ ಲೆಕ್ಕ ಮಾಸ್ಟ್ರೇ. ಓಮದ ನೀರು ಕುಡಿಸಿ.” ನಾನು ಹಸಿವೆಯಲ್ಲ ಹಸಿಬೆ, ವಕಾರವಲ್ಲ ಬಕಾರ ಎಂದು ಬಿಡಿಸಿ ಹೇಳುವಷ್ಟರಲ್ಲಿ ಆತ ಎದುರಿನ ಹೋಟೆಲಿನಿಂದ ಒಂದು ಬನ್ಸ್ ತರಿಸಿ ಪರೀಕ್ಷಾರ್ಥವಾಗಿ ಭೈರವನ ಮುಂದೆ ಹಿಡಿದಾಗಿತ್ತು. ಬನ್ಸ್ ಅರೆಕ್ಷಣದಲ್ಲಿ ಅಂತರ್ಧಾನವಾಯಿತು. “ಹಸಿವೆ ಲಾಯ್ಕ ಉಂಟಲ್ಲ!” ಎಂದ ಶೀನಣ್ಣ. ಕಡೆಗೆ ನಾನು ಕಾಗದದ ಮೇಲೆ ಚಿತ್ರ ಬರೆದು ತೋರಿಸಬೇಕಾಯಿತು. “ಓ, ಚೀಲವಾ! ಚೀಲ ಅಂತ ಹೇಳಬಾರದಾ ಮಾರಾಯ್ರೇ?” ಎಂದು ಟೇಪು ತೆಗೆದು ಎದೆಯ ಸುತ್ತಳತೆ ತೆಗೆದುಕೊಂಡ. ಕುತ್ತಿಗೆ ಎಷ್ಟು ಇಳಿಸಲಿ ಎಂದು ಕೇಳಿದ್ದು ಮಾತ್ರ ವಾಡಿಕೆಯ ಬಲದಿಂದ.

ನನ್ನ ನಕ್ಷೆಯ ಪ್ರಕಾರ ತಯಾರಾದ ಆ ಮೊದಲ ಹಸಿಬೆ ದಪ್ಪ ಟಾರ್ಪಾಲಿನದು. ಕಿಸೆಗಳು ಹಲವು, ಗುಂಡಿಗಳು ಅದಕ್ಕಿಂತ ಹಲವು. ಅದನ್ನು ಹೊತ್ತ ಭೈರವ ಅಪವಾದಕ್ಕೆ ಗುರಿಯಾದ ಸಂಭಾವಿತನಂತೆ ಅಲ್ಲೇ ಕುಳಿತುಬಿಟ್ಟ. ಎಬ್ಬಿಸಿ ನಡೆಸಿದರೆ ಬಲಗಡೆಯ ಕಿಸೆ ಭಾರವಾಗಿ ಚೀಲ ಜಾರಿ ಹೊಟ್ಟೆಯಡಿಗೆ ಬಂತು; ಮುಂಗಾಲಿನ ಸಂದಿನಲ್ಲಿ ಟಾರ್ಪಾಲು ಉಜ್ಜಿ ಚರ್ಮ ಕೆಂಪಾಯಿತು. ನನ್ನ ಹಸಿಬೆ ಉತ್ತರಪದಕ್ಕೆ ಮಾತ್ರ ಪ್ರಾಧಾನ್ಯ ಕೊಡುವ ತತ್ಪುರುಷ ಸಮಾಸವಾಗಿತ್ತು; ಬೇಕಾದದ್ದು ಎರಡೂ ಪದಕ್ಕೆ ಸಮಪ್ರಾಧಾನ್ಯವಿರುವ ದ್ವಂದ್ವ. ಈ ವಿಶ್ಲೇಷಣೆಯನ್ನು ಬಾಯಿಯವರಿಗೆ ಸವಿಸ್ತಾರವಾಗಿ ನಿವೇದಿಸಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಭೈರವನ ಕೆಂಪಾದ ಜಾಗಕ್ಕೆ ಎಣ್ಣೆ ಸವರಿ, ಒಳಗೆ ಹೋಗಿ ಪೆಟ್ಟಿಗೆಯಿಂದ ಗಂಡನ ಪ್ಯಾಂಟೊಂದನ್ನು ತಂದರು.

ಅವರ ಗಂಡ ಬೊಂಬಾಯಿಯ ಹಡಗುಕಟ್ಟೆಯಲ್ಲಿ ದುಡಿದವರು. ತೊಳೆದು ತೊಳೆದು ಬೆಣ್ಣೆಯಂತಾಗಿದ್ದ, ಆದರೂ ಗಟ್ಟಿಯಾಗಿದ್ದ ಆ ಹತ್ತಿಯ ಪ್ಯಾಂಟನ್ನು ಬಾಯಿಯವರು ಎಷ್ಟೋ ವರ್ಷದಿಂದ ನುಸಿಗುಳಿಗೆ ಹಾಕಿ ಇಟ್ಟಿದ್ದರು. ಅದರ ಕುಳಿತುಕೊಳ್ಳುವ ಭಾಗ ನಾಯಿಯ ಬೆನ್ನಿಗೆ, ಎರಡು ಕಾಲುಗಳು ಎರಡು ಪಕ್ಕಕ್ಕೆ. ಕಾಲನ್ನು ಮೊಣಕಾಲಿಗಿಂತ ಮೇಲೆ ಕತ್ತರಿಸಿ ತುದಿ ಹೊಲಿದರೆ ಎರಡು ಸಮವಾದ ಚೀಲ. ಬೆಲ್ಟು ಸಿಕ್ಕಿಸುವ ಪಟ್ಟಿಗಳಲ್ಲಿ ಅಗಲದ ಲಾಡಿ ತೂರಿಸಿದರೆ ಎದೆಗೊಂದು ಹೊಟ್ಟೆಗೊಂದು ಕಟ್ಟು. ಆಹಾ, ಎಂಥ ಬುದ್ಧಿ! ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಬಾಯಿಯವರು ಬಲಗೈಯಿಂದ ಶಿಲುಬೆಯ ಗುರುತು ಮಾಡಿ, ಕತ್ತರಿ ಎತ್ತಿಕೊಂಡರು. “ಅವರು ಇದ್ದಿದ್ದರೆ ಅವರೇ ಹೊರುತ್ತಿದ್ದರು. ಈಗ ಪ್ಯಾಂಟ್ ಹೊರಲಿ,” ಎಂದು ಕತ್ತರಿಸಿದರು. ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡದ್ದು ನಾನು. ಹೊಲಿದುಕೊಟ್ಟವನು ಶೀನಣ್ಣ.

ಬಳಸುವುದನ್ನು ಕಲಿಸಿದ್ದೂ ಬಾಯಿಯವರೇ. ಮೊದಮೊದಲು ಬರಿಯ ಚೀಲ, ಅದೂ ಅಂಗಳದಲ್ಲಿ ಮಾತ್ರ. ಹಾಕಿಸಿಕೊಂಡ ಕೂಡಲೇ ಒಂದು ಚೂರು ಒಣಮೀನು. ಕಟ್ಟಿನೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಬಿಗಿ, ಮೂರು ಹೋದರೆ ಸಡಿಲ. ಆಮೇಲೆ ಆ ಕಡೆಗೊಂದು ಈ ಕಡೆಗೊಂದು ಮಾವಿನ ಮಿಡಿ. ಆಮೇಲೆ ಒದ್ದೆ ಬಾಳೆಲೆಯ ಕಟ್ಟು. ಚೀಲ ಕಂಡರೆ ಭೈರವನ ಬಾಯಲ್ಲಿ ನೀರೂರತೊಡಗಿತು. ಶೀನಣ್ಣನಂತೆ ಅವನೂ ಹಸಿಬೆಯನ್ನು ಹಸಿವೆಯೆಂದೇ ಓದಿಕೊಂಡಿದ್ದ. ಆದರೆ ಬರಬರುತ್ತ ಒಂದು ವಿಚಿತ್ರ ನಡೆಯಿತು. ಬರಿಮೈಯಲ್ಲಿ ಇರುವಾಗ ಕಾಗೆಗೂ ಅಂಚೆಯವನಿಗೂ ಸಮಾನವಾಗಿ ಬೊಗಳುವ ಪ್ರಾಣಿ, ಹಸಿಬೆ ಬೆನ್ನಿಗೇರಿದ ಕೂಡಲೇ ಧೀರೋದಾತ್ತನಾಗುತ್ತಿದ್ದ. ಒಂದು ಬೆಳಗ್ಗೆ ಮಲ್ಲಿಗೆ ಹೊತ್ತು ಕಟ್ಟಪುಣಿಯ ಮೇಲೆ ಹೋಗುವಾಗ ಎದುರಿಗೇ ಮುಂಗುಸಿಯೊಂದು ಹಾಯಿತು. ಹಿಂದೆ ಬರುತ್ತಿದ್ದ ನಾನು ಹೂವು ಗದ್ದೆಪಾಲಾಯಿತೆಂದೇ ಲೆಕ್ಕ ಹಾಕಿದೆ. ಭೈರವ ಒಮ್ಮೆ ನಿಂತ, ಮೈಯೆಲ್ಲ ನಡುಗಿತು, ಬಾಯಿಯವರ ಕೋಲಿನ ಕಡೆ ನೋಡಿದ. ಮತ್ತೆ ಅವರ ನಡೆಗೆ ತನ್ನ ನಡೆ ಹೊಂದಿಸಿಕೊಂಡು ಮುಂದೆ ನಡೆದ. “ಭೇಷ್ ಬೈರು!” ಎಂದರು ಬಾಯಿಯವರು. ನನಗೆ ಆ ನಾಯಿಯ ಮೇಲೆ ಬಂದಷ್ಟು ಗೌರವ ಅನೇಕ ವಿದ್ವಾಂಸರ ಮೇಲೂ ಬಂದದ್ದಿಲ್ಲ.

ಆದರೆ ಕಟ್ಟೆಯಲ್ಲಿ ಕಾದಿದ್ದ ತೊಡಕು ನಾವು ಯಾರೂ ಎಣಿಸದೆ ಇದ್ದದ್ದು. ಭೈರವನ ಬೆನ್ನಿನಿಂದ ಹೂವು ಇಳಿಯುವುದನ್ನು ಕಂಡ ವಾಸಣ್ಣ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. “ಎಂತ ಬಾಯಮ್ಮ ಇದು? ಇದು ದೇವಸ್ಥಾನಕ್ಕೆ ಹೋಗುವ ಹೂ. ನಾಯಿ ಹೊತ್ತದ್ದು ದೇವರಿಗೆ ಆಗ್ತದಾ?” ಕಟ್ಟೆಯಲ್ಲಿದ್ದ ನಾಲ್ಕು ಜನ ತಿರುಗಿ ನೋಡಿದರು. ನಾನು ಮುನ್ನುಗ್ಗಿ, ಕಾಲಭೈರವನ ವಾಹನ ಯಾವುದು, ಧರ್ಮರಾಯನ ಜೊತೆ ಸ್ವರ್ಗದ ಬಾಗಿಲವರೆಗೆ ಹೋದದ್ದು ಯಾರು ಎಂದು ಸಪ್ರಮಾಣವಾಗಿ ಉಪನ್ಯಾಸ ಆರಂಭಿಸಿದೆ. “ಅದೆಲ್ಲ ಸರಿ ಮಾಸ್ಟ್ರೇ, ಭಟ್ಟರು ಕೇಳಿದರೆ ನೀವು ಬರ್ತೀರಾ?” ಎಂದರು ವಾಸಣ್ಣ. ಬಾಯಿಯವರ ಮುಖ ಬಿಳಿಚಿಕೊಂಡಿತ್ತು. ಈ ಹೂವು ಇಲ್ಲಿಂದ ಹಿಂದೆ ಹೋದರೆ ತೋಟವೂ ಹೋದಂತೆಯೇ ಎಂದು ಅವರಿಗೂ ನನಗೂ ಗೊತ್ತಿತ್ತು.

ಅವರು ವಾದಿಸಲಿಲ್ಲ, ಅಳಲೂ ಇಲ್ಲ. “ನೀವು ಹೇಳಿದ್ದು ಸರಿ ವಾಸಣ್ಣ. ನಿಮ್ಮ ದೇವರಿಗೆ ಆಗದ್ದನ್ನು ನಾನು ಕದ್ದು ಕೊಡುವುದಿಲ್ಲ. ಆದರೆ ಹೆಣ್ಣುಮಕ್ಕಳ ಜಡೆಗೆ ಆಗ್ತದಾ, ಅದು ಹೇಳಿ.” ವಾಸಣ್ಣ ತಲೆ ಕೆರೆದುಕೊಂಡರು. ಹೂವನ್ನು ನೋಡಿದರು, ಹೊಗಳಿಕೆಗಾಗಿ ಬಾಲ ಆಡಿಸುತ್ತ ನಿಂತ ಭೈರವನನ್ನು ನೋಡಿದರು. “ಜಡೆಗೆ... ಜಡೆಗೆ ಎಂತ ತೊಂದರೆ? ಮದುವೆಮನೆಯವರು ಕೇಳ್ತಾ ಇರ್ತಾರೆ. ಆಯ್ತು, ಕೊಡಿ. ನಿಮ್ಮ ಹೂ ಬೇರೆ ಬುಟ್ಟಿಯಲ್ಲಿ ಹೋಗಲಿ.” ದೇವರ ಅಡಿಗೆ ಸಲ್ಲದ್ದು ಮದುಮಗಳ ಮುಡಿಗೆ ಸಂದಿತು. ಅಡಿಗಿಂತ ಮುಡಿ ಮೇಲೆ ತಾನೇ ಎಂದು ನಾನು ಶ್ಲೇಷೆ ಹಾರಿಸಿದೆ. ಯಾರೂ ನಗಲಿಲ್ಲ, ಬಸ್ಸು ಬಂದಿತ್ತು. ಮುಂದಿನ ಸಲ ಬಂದ ಲೀನಾ ಕಟ್ಟೆಯವರೆಗೆ ತಾಯಿಯ, ಭೈರವನ ಹಿಂದೆಯೇ ನಡೆದು, ತನ್ನ ಅಪ್ಪನ ಪ್ಯಾಂಟಿನ ಗುರುತು ಹಿಡಿದು ಕಣ್ಣೊರೆಸಿಕೊಂಡಳು. ಗಿಡ ಕೀಳಿಸುವ ಮಾತನ್ನು ಮತ್ತೆ ಎತ್ತಲಿಲ್ಲ.

ಭುಜ ಕೂಡಿತು, ವರ್ಷಗಳು ಕಳೆದವು. ಭೈರವನ ಮೂತಿ ನರೆಯಿತು, ಹಿಂಗಾಲುಗಳು ಸೋತವು. ಆದರೆ ಹೂವು ಕಟ್ಟುವ ಹೊತ್ತಿಗೆ ಎದ್ದು ಬಂದು, ಹಸಿಬೆ ನೇತುಹಾಕಿದ ಮೊಳೆಯ ಕೆಳಗೆ ನಿಲ್ಲುವುದನ್ನು ಅವನು ಬಿಡಲಿಲ್ಲ. ಒಣಮೀನು ಮುಂದಿಟ್ಟರೆ ಮೂಸಿ ನೋಡಿ ಮತ್ತೆ ಮೊಳೆಯ ಕಡೆಗೇ ನೋಡುವನು. ಶೀನಣ್ಣ ತಪ್ಪು ಕೇಳಿಸಿಕೊಂಡಿರಲಿಲ್ಲವೋ ಏನೋ. ಆ ಜೀವಕ್ಕೆ ಇದ್ದದ್ದು ಹಸಿವೆಯೇ, ಹೊಟ್ಟೆಯದ್ದಲ್ಲ ಅಷ್ಟೆ. ಬಾಯಿಯವರು ಬರಿಯ ಬಾಳೆಲೆಯನ್ನು ಹೂವಿಲ್ಲದೆಯೇ ಮಡಚಿ, ನಾರು ಬಿಗಿದು, ಎರಡು ಕಡೆಗೂ ಸಮನಾಗಿ ಒಂದೊಂದು ಇಡತೊಡಗಿದರು. ನಿಜವಾದ ಹೂವು ಅವರ ಎಡಗೈಯಲ್ಲಿ.

ಒಂದು ದಿನ ಕಟ್ಟೆಯಲ್ಲಿ ಇದನ್ನು ಗಮನಿಸಿದ ವಾಸಣ್ಣ ಸಂತೋಷದಿಂದ, “ಬಾಯಮ್ಮ, ಈಗ ಹೂ ನಿಮ್ಮ ಕೈಯಲ್ಲೇ ಬರ್ತದಲ್ಲ! ಇನ್ನು ದೇವರಿಗೂ ಆಗ್ತದೆ,” ಎಂದರು. ಬಾಯಿಯವರು ಗಾಬರಿಯಿಂದ ಭೈರವನ ಕಡೆ ನೋಡಿ, ದನಿ ತಗ್ಗಿಸಿದರು: “ಜೋರು ಹೇಳಬೇಡಿ ವಾಸಣ್ಣ. ಹೂ ತರುವುದು ಅವನೇ. ಜಡೆಗೇ ಹೋಗಲಿ.” ವಾಸಣ್ಣ ಬಗ್ಗಿ, ಭೈರವನ ಬೆನ್ನಿನಿಂದ ಆ ಬರಿಯ ಎಲೆಯ ಕಟ್ಟುಗಳನ್ನು ಎರಡೂ ಕೈಯಿಂದ ಮೆಲ್ಲಗೆ ಎತ್ತಿ, ಹೂವಿನ ಪಕ್ಕದಲ್ಲೇ ಬುಟ್ಟಿಯಲ್ಲಿಟ್ಟುಕೊಂಡರು.

ನಿನ್ನೆ ಮಣಿಪಾಲದ ನಿಲ್ದಾಣದಲ್ಲಿ ಒಬ್ಬಳು ಹುಡುಗಿ ಎರಡೂ ಪಟ್ಟಿಗಳನ್ನು ಎರಡೂ ಹೆಗಲಿಗೆ ಹಾಕಿಕೊಂಡು, ಹೊರೆಯನ್ನು ಬೆನ್ನಿಗೆ ಹೊಂದಿಸಿಕೊಂಡು, ನೆಟ್ಟಗೆ ನಡೆದುಹೋದಳು. “ಭೇಷ್ ಬೈರು!” ಎಂದು ನಾಲಗೆಯ ತುದಿಗೆ ಬಂದದ್ದನ್ನು ಹೇಗೋ ನುಂಗಿಕೊಂಡು, ನನ್ನ ಬಗಲಚೀಲವನ್ನು ಎಡಹೆಗಲಿನಿಂದ ಬಲಹೆಗಲಿಗೆ ಬದಲಾಯಿಸಿಕೊಂಡೆ.