ಬಾರದ ತುಕ್ಕಿಗೆ ಪ್ರೈಮರ್

ನನ್ನ ಅಕ್ಕನ ಗಂಡ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವರು. ಈ ಬಹುವಚನ ಅಕ್ಕನ ಮುಖ ನೋಡಿ ಕೊಟ್ಟದ್ದು, ಅವರ ಯೋಗ್ಯತೆ ನೋಡಿ ಅಲ್ಲ. ಜೊತೆಯ ಕೆಲಸಗಾರರು ಅವರನ್ನು ‘ಫಿನಿಶಿಂಗ್ ಮಾಸ್ಟರ್’ ಎನ್ನುತ್ತಾರೆ. ಭಾವ ಅದನ್ನು ಬಿರುದು ಎಂದುಕೊಂಡು ಎದೆಯುಬ್ಬಿಸಿ ಓಡಾಡುತ್ತಾರೆ. ಅದು ಗೇಲಿ ಎಂದು ಅವರಿಗೆ ತಿಳಿಸುವ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ.

ತಗಡನ್ನು ಚೆನ್ನಾಗಿ ಉಜ್ಜಿ, ಪ್ರೈಮರ್ ಹಚ್ಚಿ, ಅದು ಒಣಗಿದ ಮೇಲೆ ಬಣ್ಣ ಹೊಡೆಯಬೇಕು. ಮುಂದೆ ತುಕ್ಕು ಹಿಡಿಯದಂತೆ ಕಾಯುವುದು ಆ ಪ್ರೈಮರ್. ಭಾವ ಅದನ್ನೇ ಹಾರಿಸಿಬಿಡುತ್ತಾರೆ. “ಬಾರದ ತುಕ್ಕಿಗೆ ಪ್ರೈಮರ್ ಯಾಕ್ರೀ?” ಎನ್ನುವುದು ಅವರ ಶಾಸ್ತ್ರ. ವಾರವೆಲ್ಲ ಕಾಲಹರಣ ಮಾಡಿ, ಗಿರಾಕಿ ಬರುವ ಹಿಂದಿನ ದಿನ ದಪ್ಪಗೆ ಎರಡು ಕೋಟ್ ಬಳಿದು, ಉದ್ದ ವೈರಿನ ದೀಪವನ್ನು ಓರೆಯಾಗಿ ಹಿಡಿದು, “ನೋಡಿ ಸಾರ್, ಮುಖ ಕಾಣುತ್ತೆ” ಎನ್ನುತ್ತಾರೆ. ಕಾಣುತ್ತದೆ, ನಿಜ. ನನ್ನ ಸ್ಕೂಟರಿನಲ್ಲೂ ಕಂಡಿತ್ತು. ವರ್ಷ ತುಂಬುವ ಮೊದಲೇ ಗುಳ್ಳೆಯೆದ್ದು ಬಣ್ಣವೆಲ್ಲ ಸುಲಿದುಹೋಯಿತು. ಕೇಳಿದ್ದಕ್ಕೆ, “ನೀನು ಬಿಸಿಲಲ್ಲಿ ನಿಲ್ಲಿಸ್ತೀಯಮ್ಮಾ, ಅದಕ್ಕೆ” ಎಂದರು. ತಪ್ಪು ಬಿಸಿಲಿನದಾಯಿತು, ನನ್ನದಾಯಿತು. ಅವರದಾದ ದಿನವನ್ನು ನಾನಂತೂ ಕಂಡಿಲ್ಲ.

ಮುಖಕ್ಕೆ ಮಾಸ್ಕ್ ಹಾಕದೆ ವರ್ಷಾನುಗಟ್ಟಲೆ ಬಣ್ಣದ ಹೊಗೆ ಕುಡಿದರು, ಬಿಡುವಾದಾಗ ಸಿಗರೇಟಿನ ಹೊಗೆ ಕುಡಿದರು. ಮೂತ್ರದಲ್ಲಿ ರಕ್ತ ಕಂಡಾಗ “ಮೈ ಉಷ್ಣ” ಎಂದು ತಳ್ಳಿಹಾಕಿದರು. ಅಕ್ಕ ಗೋಗರೆದು ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಮೂತ್ರಕೋಶದ ಕ್ಯಾನ್ಸರ್ ಆಳಕ್ಕಿಳಿದಿತ್ತು. ಮೂತ್ರಕೋಶವನ್ನೇ ತೆಗೆದು, ಕರುಳಿನ ಒಂದು ತುಂಡಿನಿಂದ ಮೂತ್ರಕ್ಕೆ ಹೊಸ ದಾರಿ ಮಾಡಿ, ಹೊಟ್ಟೆಯ ಮೇಲೆ ಚೀಲ ಅಂಟಿಸಿದರು. ಆ ದಾರಿ ಕೂಡಿಕೊಳ್ಳುವವರೆಗೆ ಇರಲೆಂದು ಒಳಗೆ ಸಣ್ಣ ನಳಿಗೆಗಳನ್ನು ಬಿಟ್ಟಿದ್ದರು.

ಮನೆಗೆ ಕಳಿಸುವಾಗ ಡಾಕ್ಟರಮ್ಮ ಬಿಡಿಸಿ ಹೇಳಿದರು: “ಈ ಆಂಟಿಬಯೋಟಿಕ್ ದಿನಾ ಒಂದು. ಸೋಂಕು ಬಂದ ಮೇಲಲ್ಲ, ಬರದೇ ಇರಲಿ ಅಂತ. ನಳಿಗೆ ತೆಗೆಯೋವರೆಗೂ ತಪ್ಪಿಸಬಾರದು. ಸೋಂಕು ಕಿಡ್ನಿಗೇರಿ ರಕ್ತಕ್ಕೆ ಸೇರಿದ್ರೆ ಜೀವಕ್ಕೇ ಕುತ್ತು.”

ಭಾವ ಗಂಭೀರವಾಗಿ ತಲೆಯಾಡಿಸಿದರು. ಗಿರಾಕಿಗಳ ಮುಂದೆಯೂ ಹಾಗೇ ಆಡಿಸುತ್ತಾರೆ.

ಅಕ್ಕ ಬೆಳಿಗ್ಗೆ ಎದ್ದು ಅವರ ಚೀಲ ಖಾಲಿ ಮಾಡುತ್ತಿದ್ದಳು, ಸುತ್ತಲಿನ ಚರ್ಮ ಒರೆಸುತ್ತಿದ್ದಳು, ಮಾತ್ರೆಯನ್ನು ಅಂಗೈಗಿಟ್ಟು ನೀರು ಕೊಟ್ಟು ಅಡುಗೆಮನೆಗೆ ಓಡುತ್ತಿದ್ದಳು. ಸೋಪಿನಿಂದ ಕೈ ತೊಳೆದೂ ತೊಳೆದೂ ಅವಳ ಬೆರಳ ಸಂದು ಬಿರುಕು ಬಿಟ್ಟಿತ್ತು. ಭಾವ ಮಂಚದ ಮೇಲೆ ಕೂತು, ದಿಂಬು ಗಟ್ಟಿ, ಫ್ಯಾನ್ ನಿಧಾನ ಎಂದು ರಾಗ ಎಳೆಯುತ್ತಿದ್ದರು.

ನಳಿಗೆ ತೆಗೆಸುವ ದಿನ ನಾನೂ ಜೊತೆಗೆ ಹೋಗಿದ್ದೆ. “ಮಾತ್ರೆ ದಿನಾ ತಗೊಂಡ್ರಾ?” ಎಂದು ಡಾಕ್ಟರಮ್ಮ ಕೇಳಿದರು.

“ಚಾಚೂ ತಪ್ಪದೆ” ಎಂದರು ಭಾವ.

“ನನ್ನ ಕೈಯಾರೆ ಕೊಟ್ಟಿದ್ದೀನಿ ಡಾಕ್ಟ್ರೇ” ಎಂದು ಅಕ್ಕ ಸಾಕ್ಷಿ ನುಡಿದಳು.

ನಳಿಗೆ ತೆಗೆದರು, ಮನೆಗೆ ಬಂದೆವು. ಸಂಜೆ ಕಾಫಿ ಕುಡಿಯುತ್ತಿದ್ದಂತೆ ಭಾವನಿಗೆ ಮಂಚ ಅಲ್ಲಾಡುವಂಥ ಚಳಿ ಶುರುವಾಯಿತು. ಮೈ ಕಾದ ಹೆಂಚಾಗಿತ್ತು, ಮಾತು ತೊದಲುತ್ತಿತ್ತು. ಮತ್ತೆ ಆಸ್ಪತ್ರೆ. ಸೋಂಕು ರಕ್ತಕ್ಕೆ ಸೇರಿದೆ, ಬಿಪಿ ಬೀಳುತ್ತಿದೆ, ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರಮ್ಮ. “ದಿನಾ ಮಾತ್ರೆ ತಗೊಂಡೂ ಹೀಗಾಯ್ತು ಅಂದ್ರೆ ಅದಕ್ಕೆ ಬಗ್ಗದ ಕೀಟಾಣು ಇರಬೇಕು” ಎಂದು ಬಲವಾದ ಇಂಜೆಕ್ಷನ್ ಹಾಕಿಸಿದರು.

ಹಲ್ಲು ಕಟಕಟಿಸುತ್ತಿದ್ದಾಗಲೂ ನಮ್ಮ ಮಹಾನುಭಾವರು ತಪ್ಪನ್ನು ಬೇರೆಯವರ ತಲೆಗೆ ಕಟ್ಟುವುದನ್ನು ಮರೆಯಲಿಲ್ಲ. “ಚೀಲ ಬದಲಾಯಿಸುವಾಗ ಇವಳು ಕೈ ತೊಳ್ಕೊಂಡಿರಲ್ಲ” ಎಂದು ನರ್ಸಿಗೆ ಹೇಳಿದರು. ಅಕ್ಕ ಅದನ್ನು ನಂಬಿಬಿಟ್ಟಳು. ಹೊರಗಿನ ಬೆಂಚಿನಲ್ಲಿ ಕೂತು ಬಿರುಕುಬಿಟ್ಟ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತ, “ಎಲ್ಲೋ ನಾನೇ ತಪ್ಪಿದೆ ಕಣೇ, ನಾನೇ ಕೊಂದೆ ಇವರನ್ನ” ಎಂದು ಬಿಕ್ಕಿದಳು.

ಬದಲಿ ಚೀಲ ತರಲು ನಾನು ಮನೆಗೆ ಹೋದೆ. ಅಂಚಿಗೆ ಹಚ್ಚಲು ಟೇಪೂ ಬೇಕಾಗಬಹುದೆಂದು, ಭಾವನ ಮಂಚದ ಕೆಳಗಿದ್ದ ಗ್ಯಾರೇಜಿನ ಟೇಪ್ ಡಬ್ಬಿ ತೆರೆದೆ. ಟೇಪಿನ ಸುರುಳಿಯ ನಡುವೆ ಮಾತ್ರೆಗಳು ರಾಶಿಯಾಗಿದ್ದವು. ಅಕ್ಕ ದಿನಾ ಅಂಗೈಗಿಟ್ಟ ಅದೇ ಹಳದಿ ಮಾತ್ರೆಗಳು, ಕೆಲವು ಅಂಗೈ ಬೆವರಿಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

ಡಬ್ಬಿಯನ್ನು ಮೊದಲು ಡಾಕ್ಟರಮ್ಮನಿಗೆ ತೋರಿಸಿದೆ, ಆಮೇಲೆ ಅಕ್ಕನಿಗೆ. ಅಕ್ಕ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಇಂಜೆಕ್ಷನ್ ನಾಟಿ, ಜ್ವರ ಇಳಿದು, ಭಾವ ದಿಂಬಿಗೊರಗಿ ಕೂರುವವರೆಗೆ ಡಬ್ಬಿಯನ್ನು ಸೆರಗಿನಲ್ಲೇ ಇಟ್ಟುಕೊಂಡಿದ್ದಳು. ಆಮೇಲೆ ತೆಗೆದು ಅವರ ಎದೆಯ ಮೇಲಿಟ್ಟಳು.

“ಸೋಂಕೇ ಬಂದಿರಲಿಲ್ಲವಲ್ಲೇ” ಎಂದರು ಭಾವ. “ಬಾರದ ರೋಗಕ್ಕೆ ಯಾರಾದ್ರೂ ಮಾತ್ರೆ ನುಂಗ್ತಾರಾ? ಹೊಟ್ಟೆ ಬೇರೆ ತೊಳೆಸ್ತಿತ್ತು. ಆದ್ರೂ ಡಾಕ್ಟ್ರನ್ನ ನೋಡೋ ಹಿಂದಿನ ದಿನ ಎರಡು ನುಂಗಿದ್ನಲ್ಲ!”

ಎರಡು ಕೋಟ್! ನನಗೆ ನಗು ಬಂತು, ಕ್ಯಾಕರಿಸಿ ಉಗಿಯಬೇಕೆಂದೂ ಅನ್ನಿಸಿತು.

ಅಕ್ಕ ನಗಲಿಲ್ಲ. “ನನ್ನ ಕೈ ತೊಳೆದಿತ್ತು ರೀ” ಎಂದಳು, ಅಷ್ಟೇ. ಭಾವ ಗೋಡೆಯ ಕಡೆ ತಿರುಗಿ ಮಲಗಿದರು.

ಈಗ ಮನೆಗೆ ಬಂದಿದ್ದಾರೆ, ಇನ್ನೂ ಮಾತ್ರೆ ಮುಗಿದಿಲ್ಲ. ನೋಡಲು ಬಂದವರ ಹತ್ತಿರ, “ಗಟ್ಟಿ ಜೀವ ನಂದು, ಬೇರೆಯವರಾಗಿದ್ರೆ ಹೋಗಿಬಿಡ್ತಿದ್ರು” ಎಂದು ಕೊಚ್ಚಿಕೊಳ್ಳುತ್ತಾರೆ. ನಿನ್ನೆ ಬೆಳಿಗ್ಗೆಯೂ ಅವರ ಗ್ಯಾರೇಜಿನ ಗೆಳೆಯರ ಮುಂದೆ ಕೊಚ್ಚುವುದು ನಡೆದಿತ್ತು. ಅಕ್ಕ ಒಳಗಿನಿಂದ ಮಾತ್ರೆ, ನೀರು, ಜೊತೆಗೆ ಗ್ಯಾರೇಜಿನಿಂದ ತರಿಸಿಟ್ಟಿದ್ದ ಉದ್ದ ವೈರಿನ ಆ ದೀಪ ತಂದಳು. ಭಾವ ನುಂಗಿದರು. ಅವಳು ದೀಪವನ್ನು ಓರೆಯಾಗಿ ಹಿಡಿದು ಬಾಗಿದಳು.

“ಬಾಯಿ ತೆಗೀರಿ. ಹಾಂ, ನಾಲಿಗೆ ಎತ್ತಿ.”

ಗೆಳೆಯರೆಲ್ಲ ನೋಡುತ್ತಿದ್ದಂತೆ ಫಿನಿಶಿಂಗ್ ಮಾಸ್ಟರ್ ನಾಲಿಗೆ ಎತ್ತಿದರು.